ದಾನಕ್ಕೆ ಬೆಟ್ಟ ಯಾಕೆ ಬೇಕು?

ಇಂದಿನ ಚಿಂತನೆಗೆ ದೂರದ ದೇಶದ ಒಂದು ರೂಢಿಯನ್ನು ತೆಗೆದುಕೊಳ್ಳೋಣ. ಬ್ರಿಟನ್ನಿನಲ್ಲಿ ಸಾಮಾನ್ಯ ಜನ ಒಳ್ಳೆಯ ಕೆಲಸಕ್ಕೆ ಹಣ ಕೂಡಿಸುವ ಒಂದು ಪದ್ಧತಿ ಇದೆ. "ನಾನು ಈ ಬೆಟ್ಟ ಹತ್ತುತ್ತೇನೆ, ನೀವು ಈ ಸಂಸ್ಥೆಗೆ ಹಣ ಕೊಡಿ" ಎಂದು ಒಬ್ಬರು ತಮ್ಮ ನೆಂಟರನ್ನು, ಗೆಳೆಯರನ್ನು, ಜೊತೆಗೆ ಕೆಲಸ ಮಾಡುವವರನ್ನು ಕೇಳುತ್ತಾರೆ. ಅವರು ಐದು ಪೌಂಡೋ ಹತ್ತು ಪೌಂಡೋ ಬರೆಸುತ್ತಾರೆ. ಇವರು ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಬೆಟ್ಟ ಹತ್ತಿ ಇಳಿಯುತ್ತಾರೆ. ಕೂಡಿದ ಹಣ ಸಂಸ್ಥೆಗೆ ಹೋಗುತ್ತದೆ.

ಇದರಲ್ಲಿ ತುಂಬಾ ಹೆಸರಾದದ್ದು ಮೂರು ಶಿಖರಗಳ ಚಾರಣ. ಸ್ಕಾಟ್ಲೆಂಡಿನ ಬೆನ್ ನೆವಿಸ್ 1345 ಮೀಟರ್, ಇಂಗ್ಲೆಂಡಿನ ಸ್ಕಾಫೆಲ್ ಪೈಕ್ 978 ಮೀಟರ್, ವೇಲ್ಸಿನ ಸ್ನೋಡನ್ 1085 ಮೀಟರ್. ಮೂರು ನಾಡುಗಳ ಅತಿ ಎತ್ತರದ ಈ ಬೆಟ್ಟಗಳನ್ನು, ನಡುವಿನ ವಾಹನ ಪ್ರಯಾಣವೂ ಸೇರಿ, 24 ಗಂಟೆಯೊಳಗೆ ಹತ್ತಿ ಇಳಿಯಬೇಕು. ಮಳೆ, ಮಂಜು, ನಿದ್ದೆಯಿಲ್ಲದ ರಾತ್ರಿ, ಬೊಬ್ಬೆ ಎದ್ದ ಕಾಲು. ಹೀಗೆ ನಡೆದು ಹಣ ಕೂಡಿಸುವವರಲ್ಲಿ ದೃಷ್ಟಿ ಕಳೆದುಕೊಂಡ ನಿವೃತ್ತ ಸೈನಿಕರಿಗಾಗಿ ನಡೆಯುವವರೂ ಇದ್ದಾರೆ. ಆ ಸೈನಿಕರಿಗಾಗಿ ಅಲ್ಲಿ 'ಬ್ಲೈಂಡ್ ವೆಟರನ್ಸ್ ಯುಕೆ' ಎಂಬ ನೂರು ವರ್ಷ ದಾಟಿದ ಸಂಸ್ಥೆ ಇದೆ.

ಇದನ್ನು ಕೇಳಿದಾಗ ಮೊದಲು ಮೆಚ್ಚುಗೆ ಬರುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಒಂದು ಪ್ರಶ್ನೆಯೂ ಬರುತ್ತದೆ. ಕಣ್ಣು ಕಳೆದುಕೊಂಡ ಸೈನಿಕನಿಗೆ ನೆರವು ಬೇಕು ಎಂಬುದು ನಿನ್ನೆಯೂ ನಿಜವಾಗಿತ್ತು. ಯಾರೋ ಬೆಟ್ಟ ಹತ್ತಿದ್ದರಿಂದ ಅದು ಇವತ್ತು ಹೆಚ್ಚು ನಿಜವಾಗಲಿಲ್ಲ. ಹಾಗಾದರೆ ಹತ್ತು ಪೌಂಡ್ ಕೊಟ್ಟ ನೆರೆಮನೆಯವನು ನಿನ್ನೆಯೇ ಯಾಕೆ ಕೊಡಲಿಲ್ಲ? ದಾನಕ್ಕೆ ಬೆಟ್ಟ ಯಾಕೆ ಬೇಕು?

ಈ ಪ್ರಶ್ನೆ ಬ್ರಿಟನ್ನಿನವರಿಗೆ ಮಾತ್ರ ಸೇರಿದ್ದಲ್ಲ. ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಹತ್ತು ಪಾರಮಿತೆಗಳನ್ನು ಪಾಲಿಸುತ್ತೇವೆ ಎಂಬುದೂ ಒಂದು. ಆ ಹತ್ತರಲ್ಲಿ ದಾನವೂ ಇದೆ. 'ಬುದ್ಧ ಮತ್ತು ಅವನ ಧಮ್ಮ' ಗ್ರಂಥದಲ್ಲಿ ಅವರು ದಾನವನ್ನು ಬಹಳ ಎತ್ತರದಲ್ಲಿಟ್ಟು ವಿವರಿಸಿದ್ದಾರೆ. ಪರರ ಹಿತಕ್ಕಾಗಿ ತನ್ನ ವಸ್ತುವನ್ನು, ರಕ್ತವನ್ನು, ಅಂಗವನ್ನು, ಬೇಕಾದರೆ ಪ್ರಾಣವನ್ನೂ ಕೊಡುವುದು, ಪ್ರತಿಯಾಗಿ ಏನನ್ನೂ ಬಯಸದಿರುವುದು. ಈ ಕೊನೆಯ ಭಾಗವೇ ಕಷ್ಟದ್ದು. ಬೆಟ್ಟ ಹತ್ತಿದವರಿಗೆ ಫೋಟೋ ಸಿಗುತ್ತದೆ, ಹೊಗಳಿಕೆ ಸಿಗುತ್ತದೆ. ಹಣ ಕೊಟ್ಟವರಿಗೆ ಒಂದು ಸಾಹಸ ನೋಡಲು ಸಿಗುತ್ತದೆ. ಇದನ್ನು ದಾನ ಎನ್ನಬಹುದೇ?

ನಗುವ ಮೊದಲು ನಮ್ಮ ಸುತ್ತಲೂ ನೋಡೋಣ. ಗುಡಿಗೆ ಕೊಟ್ಟ ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರನ್ನು ಎಷ್ಟು ದೊಡ್ಡದಾಗಿ ಬರೆಸುತ್ತಾರೆಂದರೆ ಅರ್ಧ ಬೆಳಕು ಅಲ್ಲೇ ನಿಂತುಬಿಡುತ್ತದೆ ಎಂದು ನಾವೆಲ್ಲ ತಮಾಷೆ ಮಾಡಿದ್ದೇವೆ. ನಮ್ಮ ವಿಹಾರಗಳ ಕುರ್ಚಿ, ಫ್ಯಾನು, ಅಮೃತಶಿಲೆಯ ಫಲಕಗಳ ಮೇಲೂ ಹೆಸರುಗಳಿವೆ.

*ನೋವಿಗೆ ಪುಣ್ಯವಿಲ್ಲ*

ನಮ್ಮ ನಾಡಿನಲ್ಲಿ ಬೆಟ್ಟ ಹತ್ತುವುದಕ್ಕೂ ಒಳ್ಳೆಯದಕ್ಕೂ ಹಳೆಯ ಸಂಬಂಧವಿದೆ. ಬರಿಗಾಲಲ್ಲಿ ಬೆಟ್ಟ ಹತ್ತುವ ಹರಕೆ, ಉಪವಾಸದ ಹರಕೆ, ಉರುಳು ಸೇವೆ ಎಲ್ಲದರ ಹಿಂದೆಯೂ ಒಂದೇ ನಂಬಿಕೆ. ದೇಹಕ್ಕೆ ನೋವು ಕೊಟ್ಟರೆ ಆ ನೋವು ಎಲ್ಲೋ ಜಮೆಯಾಗುತ್ತದೆ, ಅದರ ಬದಲಿಗೆ ಫಲ ಬರುತ್ತದೆ ಎಂಬುದು ಆ ನಂಬಿಕೆ.

ಸಿದ್ಧಾರ್ಥ ಗೌತಮರು ಈ ದಾರಿಯನ್ನು ಕೊನೆಯವರೆಗೂ ನಡೆದು ನೋಡಿದವರು. ಉರುವೇಲದಲ್ಲಿ ಆರು ವರ್ಷ ದೇಹವನ್ನು ದಂಡಿಸಿದರು. ಎಲುಬು ಎಣಿಸುವಂತಾದ ಮೇಲೆ, ಇದರಿಂದ ಅರಿವು ಬರುವುದಿಲ್ಲ ಎಂದು ತಿಳಿದು ಅನ್ನ ಸ್ವೀಕರಿಸಿದರು. ಅವರ ಜೊತೆಗಿದ್ದ ಐವರು ತಪಸ್ವಿಗಳು ಬೇಸರದಿಂದ ಬಿಟ್ಟುಹೋದರು. ಅಂದರೆ ನಮ್ಮ ಧಮ್ಮದ ಆರಂಭದಲ್ಲೇ ಒಂದು ತೀರ್ಮಾನವಿದೆ. ನೋವಿಗೆ ತನ್ನಷ್ಟಕ್ಕೆ ಬೆಲೆ ಇಲ್ಲ. ಆ ನೋವಿನಿಂದ ಯಾರ ದುಃಖ ಕಡಿಮೆಯಾಯಿತು ಎಂದು ಕೇಳಬೇಕು.

ಹೀಗೆ ಕೇಳಿದರೆ ಚಾರಣಿಗನ ಕಾಲಿನ ಬೊಬ್ಬೆಯಿಂದ ಕಣ್ಣಿಲ್ಲದ ಸೈನಿಕನಿಗೆ ಏನೂ ಆಗುವುದಿಲ್ಲ. ಆದರೆ ಚಾರಣದಿಂದ ಆಗುವ ಬೇರೆ ಕೆಲಸಗಳಿವೆ, ಅವನ್ನು ನ್ಯಾಯವಾಗಿ ಲೆಕ್ಕ ಹಾಕಬೇಕು. ಒಂದು, ಬರಿಗೈಯಲ್ಲಿ ಹೋಗಿ ಹಣ ಕೇಳಲು ಎಲ್ಲರಿಗೂ ಸಂಕೋಚ. ತಾನೂ ಏನನ್ನೋ ಮಾಡುತ್ತಿದ್ದೇನೆ ಎಂದಾಗ ಕೇಳುವ ಬಾಯಿಗೆ ಧೈರ್ಯ ಬರುತ್ತದೆ. ಎರಡು, ಹೆಚ್ಚು ಹಣವಿಲ್ಲದ ಗುಮಾಸ್ತ, ನರ್ಸ್, ಕಾರ್ಮಿಕ ಕೂಡ ತನ್ನ ಕಾಲುಗಳ ಬಲದಿಂದ ದೊಡ್ಡ ಮೊತ್ತ ತಂದುಕೊಡಬಹುದು. ಹಣವಂತರು ಮಾತ್ರ ದಾನಿಗಳು ಎಂಬ ಮಾತನ್ನು ಇದು ಸುಳ್ಳು ಮಾಡುತ್ತದೆ. ಮೂರು, ಇಷ್ಟು ದಿನ ಯಾರೂ ಮಾತೆತ್ತದ ವಿಷಯ ಊಟದ ಮೇಜಿಗೆ, ಕಚೇರಿಗೆ ಬರುತ್ತದೆ. ವೀರ್ಯವೂ ಒಂದು ಪಾರಮಿತೆ. ಹಿಡಿದ ಒಳ್ಳೆಯ ಕೆಲಸವನ್ನು ಬಿಡದೆ ಮುಗಿಸುವ ಶಕ್ತಿ ಅದು. ಆ ಶಕ್ತಿಯನ್ನು ಹೀಗಳೆಯುವುದು ಬೇಡ.

ಆದ್ದರಿಂದ ಬೆಟ್ಟ ಹತ್ತುವುದು ಸರಿಯೋ ತಪ್ಪೋ ಎಂಬಲ್ಲಿ ನಾವು ನಿಲ್ಲಬೇಕಿಲ್ಲ. ಕೂಡಿದ ಹಣ ಇನ್ನೊಬ್ಬ ಮನುಷ್ಯನನ್ನು ಹೇಗೆ ಮುಟ್ಟುತ್ತದೆ ಎಂದು ನೋಡಬೇಕು.

*ಒಂದು ಕೈಗಡಿಯಾರ*

ಬ್ಲೈಂಡ್ ವೆಟರನ್ಸ್ ಯುಕೆ ಸಂಸ್ಥೆಯ ಹಳೆಯ ಹೆಸರು ಸೇಂಟ್ ಡನ್‌ಸ್ಟನ್ಸ್. ಮೊದಲ ಮಹಾಯುದ್ಧದಲ್ಲಿ ಗುಂಡು, ಸಿಡಿತಲೆ, ವಿಷಾನಿಲಗಳಿಂದ ತರುಣ ಸೈನಿಕರು ಕಣ್ಣು ಕಳೆದುಕೊಂಡು ಮರಳುತ್ತಿದ್ದರು. 1915ರಲ್ಲಿ ಲಂಡನ್ನಿನಲ್ಲಿ ಆರ್ಥರ್ ಪಿಯರ್‌ಸನ್ ಎಂಬುವರು ಅವರಿಗಾಗಿ ಈ ಸಂಸ್ಥೆ ಕಟ್ಟಿದರು. ಪಿಯರ್‌ಸನ್ 'ಡೈಲಿ ಎಕ್ಸ್‌ಪ್ರೆಸ್' ಪತ್ರಿಕೆಯನ್ನು ಆರಂಭಿಸಿದ ಉದ್ಯಮಿ. ಗ್ಲಾಕೋಮಾ ಕಾಯಿಲೆಯಿಂದ ಅವರೂ ದೃಷ್ಟಿ ಕಳೆದುಕೊಂಡಿದ್ದರು.

ಅಂದಿನ ಕಾಲದಲ್ಲಿ ಕಣ್ಣಿಲ್ಲದವರಿಗೆ ಸಮಾಜ ಎರಡು ಜಾಗ ಇಟ್ಟಿತ್ತು, ಬೀದಿಯ ಭಿಕ್ಷೆ ಅಥವಾ ಅನಾಥಾಲಯದ ಮೂಲೆ. ಪಿಯರ್‌ಸನ್ ಅವರಿಗೆ ಎರಡೂ ಬೇಡವಾಗಿತ್ತು. ಸೈನಿಕರಿಗೆ ಬ್ರೈಲ್ ಲಿಪಿ, ಟೈಪಿಂಗ್, ಟೆಲಿಫೋನ್ ಕೆಲಸ, ಮಸಾಜ್ ಚಿಕಿತ್ಸೆ, ಬಡಗಿತನ, ಚಪ್ಪಲಿ ರಿಪೇರಿ, ಬುಟ್ಟಿ ಹೆಣೆಯುವುದು, ಕೋಳಿ ಸಾಕಣೆ ಎಲ್ಲವನ್ನೂ ಕಲಿಸಿದರು. ಕಣ್ಣಿಲ್ಲದವರಿಗೆ ಕಣ್ಣಿಲ್ಲದವರೇ ಕಲಿಸುವುದು ಒಳ್ಳೆಯದು ಎಂದು ಅಂಥ ಶಿಕ್ಷಕರನ್ನೇ ಇಟ್ಟರು. ಅಲ್ಲಿಗೆ ಸೇರಿದ ಸೈನಿಕನಿಗೆ ಒಂದು ಬ್ರೈಲ್ ಕೈಗಡಿಯಾರ ಕೊಡುತ್ತಿದ್ದರು. ಬೆರಳಿನಿಂದ ಮುಟ್ಟಿ ಗಂಟೆ ತಿಳಿಯಬಹುದಾದ ಗಡಿಯಾರ.

ಈ ಗಡಿಯಾರದ ಬಗ್ಗೆ ಸ್ವಲ್ಪ ಯೋಚಿಸಿ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ ಇಪ್ಪತ್ತರ ಹುಡುಗನಿಗೆ ಹಗಲೋ ರಾತ್ರಿಯೋ ಗೊತ್ತಾಗುವುದಿಲ್ಲ. ಗಂಟೆ ಎಷ್ಟು ಎಂದು ದಿನಕ್ಕೆ ಹತ್ತು ಸಲ ಇನ್ನೊಬ್ಬರನ್ನು ಕೇಳಬೇಕು. ಗಡಿಯಾರ ಕೈಗೆ ಬಂದ ಮೇಲೆ ಆ ಒಂದು ವಿಷಯಕ್ಕೆ ಅವನು ಯಾರನ್ನೂ ಕೇಳಬೇಕಿಲ್ಲ. ಕೊಟ್ಟದ್ದು ಚಿಕ್ಕ ವಸ್ತು. ಆದರೆ ಪಡೆದವನು ಕೊಟ್ಟವನ ಮೇಲೆ ಅವಲಂಬಿಸುವುದು ಅಷ್ಟರ ಮಟ್ಟಿಗೆ ಕಡಿಮೆಯಾಯಿತು. ಒಳ್ಳೆಯ ದಾನದ ಗುರುತು ಇದೇ ಎಂದು ನನಗೆ ತೋರುತ್ತದೆ.

ಪಿಯರ್‌ಸನ್ 1921ರಲ್ಲಿ ತೀರಿಕೊಂಡರು. ಅವರ ನಂತರ ಅಧ್ಯಕ್ಷರಾದವರು ಇಯಾನ್ ಫ್ರೇಸರ್. 1916ರಲ್ಲಿ ಸೋಮ್ ಯುದ್ಧದಲ್ಲಿ ಕಣ್ಣು ಕಳೆದುಕೊಂಡು, ಅದೇ ಸಂಸ್ಥೆಯಲ್ಲಿ ಕಲಿತ ಸೈನಿಕ. ಮುಂದೆ ಪಾರ್ಲಿಮೆಂಟ್ ಸದಸ್ಯರೂ ಆದರು, ಐವತ್ತು ವರ್ಷಕ್ಕೂ ಹೆಚ್ಚು ಕಾಲ ಸಂಸ್ಥೆಯನ್ನು ನಡೆಸಿದರು. ನೆರವು ಪಡೆಯಲು ಬಂದವನು ನೆರವು ಕೊಡುವ ಸಂಸ್ಥೆಯ ಮುಖ್ಯಸ್ಥನಾದ.

ಇಲ್ಲಿ ನಮಗೆ ಬಾಬಾಸಾಹೇಬರ ಒಂದು ಪತ್ರ ನೆನಪಾಗಬೇಕು. ಪುಣೆ ಒಪ್ಪಂದದ ನಂತರ ಅಸ್ಪೃಶ್ಯತೆ ನಿವಾರಣೆಗೆಂದು ಒಂದು ಸಂಘ ಹುಟ್ಟಿತು. ಮುಂದೆ ಅದು ಹರಿಜನ ಸೇವಕ ಸಂಘವಾಯಿತು. 1932ರ ನವೆಂಬರಿನಲ್ಲಿ ಹಡಗಿನಲ್ಲಿ ಪ್ರಯಾಣಿಸುತ್ತಿದ್ದಾಗ ಬಾಬಾಸಾಹೇಬರು ಅದರ ಕಾರ್ಯದರ್ಶಿ ಎ.ವಿ. ಠಕ್ಕರ್ ಅವರಿಗೆ ಪತ್ರ ಬರೆದರು. ಒಬ್ಬೊಬ್ಬ ವ್ಯಕ್ತಿಯನ್ನು 'ಸುಧಾರಿಸುವ' ಕೆಲಸಕ್ಕಿಂತ ಬಾವಿ, ಶಾಲೆ, ರಸ್ತೆಗಳಲ್ಲಿ ನಾಗರಿಕ ಹಕ್ಕು ಸಿಗುವಂತೆ, ಉದ್ಯೋಗದಲ್ಲಿ ಸಮಾನ ಅವಕಾಶ ಸಿಗುವಂತೆ ಹೋರಾಡಿ ಎಂಬುದು ಅದರ ಸಾರ. ಸಂಘ ಆ ದಾರಿ ಹಿಡಿಯಲಿಲ್ಲ. ಅದರ ಆಡಳಿತದಲ್ಲಿ ನಮ್ಮವರಿಗೆ ಜಾಗ ಯಾಕಿಲ್ಲ ಎಂದು ಕೇಳಿದಾಗ, ಇದು ಸವರ್ಣೀಯರು ಮಾಡುತ್ತಿರುವ ಪ್ರಾಯಶ್ಚಿತ್ತ, ಹಾಗಾಗಿ ನಡೆಸಬೇಕಾದವರು ಅವರೇ ಎಂಬ ಉತ್ತರ ಬಂತು.

ಪ್ರಾಯಶ್ಚಿತ್ತ ಎಂಬ ಆ ಮಾತನ್ನು ಗಮನಿಸಿ. ಕೊಡುವವನ ಮನಸ್ಸು ಹಗುರಾಗುವುದೇ ಅಲ್ಲಿ ಮುಖ್ಯ. ಪಡೆಯುವವನು ಆ ಹಗುರಾಗುವಿಕೆಗೆ ಒಂದು ನೆಪ. ಚಾರಣ ಕೆಡುವುದೂ ಇಲ್ಲೇ. ಬೆಟ್ಟ ಹತ್ತಿದವನ ಕಥೆಯೇ ದೊಡ್ಡದಾಗಿ, ಕಣ್ಣಿಲ್ಲದ ಸೈನಿಕ ಒಂದು ಭಾವಚಿತ್ರವಾಗಿ ಉಳಿದರೆ ಅದು ಪ್ರಾಯಶ್ಚಿತ್ತದ ಸಾಲಿಗೆ ಸೇರುತ್ತದೆ.

*ಸೂಜಿ ಯಾರ ಕೈಯಲ್ಲಿದೆ?*

ಬೌದ್ಧ ಸಾಹಿತ್ಯದಲ್ಲಿ ಈ ವಿಷಯಕ್ಕೆ ನೇರವಾಗಿ ಸೇರಿದ ಒಂದು ಕಥೆ ಇದೆ. ಚೀನೀ ಭಾಷೆಯಲ್ಲಿ ಉಳಿದುಬಂದಿರುವ ಏಕೋತ್ತರ ಆಗಮದಲ್ಲಿ ಅದು ಬರುತ್ತದೆ. ಬುದ್ಧರ ಶಿಷ್ಯ ಅನುರುದ್ಧರು ಕಣ್ಣು ಕಳೆದುಕೊಂಡಿದ್ದರು. ಒಂದು ದಿನ ತಮ್ಮ ಹರಿದ ಚೀವರವನ್ನು ಹೊಲಿಯಲು ಕೂತರು. ಹೊಲಿಯಲು ಬರುತ್ತಿತ್ತು, ಆದರೆ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಪುಣ್ಯ ಬಯಸುವವರು ಯಾರಾದರೂ ಬಂದು ದಾರ ಪೋಣಿಸಿಕೊಡಲಿ ಎಂದರು. ಬುದ್ಧರೇ ಎದ್ದು ಬಂದು ಸೂಜಿ ಕೇಳಿದರು. ಅನುರುದ್ಧರಿಗೆ ಗಾಬರಿಯಾಯಿತು. ನಾನು ಪುಣ್ಯ ಬೇಕಾದವರನ್ನು ಕರೆದೆ, ತಮ್ಮನ್ನಲ್ಲ ಎಂದರು. ಪುಣ್ಯವನ್ನು ನನಗಿಂತ ಹೆಚ್ಚು ಬಯಸುವವರು ಲೋಕದಲ್ಲಿ ಯಾರಿದ್ದಾರೆ ಎಂದು ಬುದ್ಧರು ಉತ್ತರಿಸಿದರು.

ಈ ಕಥೆಯಲ್ಲಿ ಎರಡು ಮಾತು ನಮಗೆ ಬೇಕು. ಬುದ್ಧರು ತಾವು ಮೇಲೆ ನಿಂತು ಕೆಳಗಿನವನಿಗೆ ಉಪಕಾರ ಮಾಡುತ್ತಿದ್ದೇನೆ ಎಂದು ಹೇಳಲಿಲ್ಲ, ನನಗೂ ಇದು ಬೇಕು ಎಂದರು. ಪಡೆಯುವವನ ತಲೆ ತಗ್ಗದಂತೆ ಕೊಡುವ ರೀತಿ ಅದು. ಎರಡನೆಯದಾಗಿ, ಅವರು ಇಡೀ ಚೀವರವನ್ನು ಕಸಿದುಕೊಂಡು ತಾವೇ ಹೊಲಿದುಕೊಡಲಿಲ್ಲ. ಅನುರುದ್ಧರು ಎಷ್ಟು ಕೇಳಿದರೋ ಅಷ್ಟನ್ನು ಮಾಡಲು ಬಂದರು. ಕೇಳಿದ್ದು ದಾರ ಪೋಣಿಸುವುದನ್ನು ಮಾತ್ರ. ಹೊಲಿಗೆ ಹೊಲಿಯುವವನದೇ.

ದಾನ ಮಾಡುವಾಗ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನಾನು ಹೋದ ಮೇಲೆ ಸೂಜಿ ಯಾರ ಕೈಯಲ್ಲಿ ಉಳಿಯುತ್ತದೆ?

*ಕರ್ಮದ ನೆಪ*

ಇನ್ನೊಂದು ಕಥೆಯನ್ನೂ ಪ್ರಾಮಾಣಿಕವಾಗಿ ನೋಡಬೇಕು. ಧಮ್ಮಪದದ ಮೊದಲ ಗಾಥೆಯ ಹಿನ್ನೆಲೆಯಾಗಿ ಅಟ್ಠಕಥೆಯಲ್ಲಿ ಚಕ್ಖುಪಾಲ ಎಂಬ ದೃಷ್ಟಿಯಿಲ್ಲದ ಥೇರರ ಕಥೆ ಬರುತ್ತದೆ. ಅವರು ರಾತ್ರಿ ಅಡ್ಡಾಡುತ್ತ ಧ್ಯಾನ ಮಾಡುವಾಗ ಕಾಲಡಿ ಹುಳಗಳು ಸತ್ತವು. ಬೆಳಗ್ಗೆ ನೋಡಿದ ಭಿಕ್ಖುಗಳು ದೂರು ಕೊಟ್ಟರು. ಅವರು ಕೊಲ್ಲುವುದನ್ನು ನೀವು ಹೇಗೆ ನೋಡಲಿಲ್ಲವೋ ಹಾಗೆಯೇ ಅವರು ಹುಳಗಳನ್ನು ನೋಡಲಿಲ್ಲ, ಕೊಲ್ಲುವ ಮನಸ್ಸಿಲ್ಲದ ಕಡೆ ತಪ್ಪಿಲ್ಲ ಎಂದು ಬುದ್ಧರು ಹೇಳಿದರಂತೆ. ಇಲ್ಲಿಯವರೆಗೆ ಕಥೆ ಬೆಳಕಿನಂತಿದೆ. ಮುಂದೆ ಕಥೆ ತಿರುಗುತ್ತದೆ. ಹಿಂದಿನ ಜನ್ಮದಲ್ಲಿ ಅವರು ವೈದ್ಯರಾಗಿ ಒಬ್ಬ ಹೆಂಗಸಿನ ಕಣ್ಣು ಕೆಡಿಸಿದ್ದರಿಂದ ಈ ಜನ್ಮದಲ್ಲಿ ಕಣ್ಣು ಹೋಯಿತು ಎನ್ನುತ್ತದೆ.

ಅಟ್ಠಕಥೆ ಬುದ್ಧರ ಕಾಲದಿಂದ ಎಷ್ಟೋ ಶತಮಾನಗಳ ನಂತರ ಸಿದ್ಧವಾದದ್ದು. ಹಿಂದಿನ ಜನ್ಮದ ಕರ್ಮದಿಂದ ಇಂದಿನ ದುಃಖ ಎಂಬ ವಾದವನ್ನು ಬಾಬಾಸಾಹೇಬರು ಒಪ್ಪಲಿಲ್ಲ. ಬಡವರ, ಕೆಳಗೆ ತಳ್ಳಲ್ಪಟ್ಟವರ ಸ್ಥಿತಿಗೆ ಸಮಾಜ ಮತ್ತು ಸರ್ಕಾರ ಹೊಣೆ ಹೊರದೆ ಜಾರಿಕೊಳ್ಳಲು ಮಾತ್ರ ಆ ವಾದ ನೆರವಾಗುತ್ತದೆ ಎಂದು ಸ್ಪಷ್ಟವಾಗಿ ಹೇಳಿದರು. ನಮ್ಮ ಅಜ್ಜ ಅಜ್ಜಿಯರಿಗೆ ಊರವರು ಹೇಳಿದ್ದು ಅದೇ ಮಾತು: ಹಿಂದೆ ಮಾಡಿದ್ದು, ಈಗ ಉಣ್ಣುತ್ತಿದ್ದೀರಿ. ಕಣ್ಣಿಲ್ಲದೆ ಹುಟ್ಟಿದ ಮಗುವಿನ ತಾಯಿಗೆ ಇವತ್ತಿಗೂ ಹೇಳುವುದು ಅದನ್ನೇ. ನಮಗೆ ಹೇಳಿದಾಗ ಸುಳ್ಳಾದ ಮಾತು ಆ ತಾಯಿಗೆ ಹೇಳಿದಾಗ ನಿಜವಾಗುವುದಿಲ್ಲ.

ಸೈನಿಕನ ವಿಷಯದಲ್ಲಂತೂ ಕಾರಣ ಕಣ್ಣೆದುರಿಗೇ ಇದೆ. ಅವನನ್ನು ಯುದ್ಧಕ್ಕೆ ಕಳಿಸಿದ್ದು ಸರ್ಕಾರ. ಆದ್ದರಿಂದ ಅವನ ಪಿಂಚಣಿ, ಚಿಕಿತ್ಸೆ, ತರಬೇತಿ ಅವನ ಹಕ್ಕು. ಚಾರಣಿಗರು ಹಣ ತರುತ್ತಿದ್ದಾರೆ ಎಂದು ಸರ್ಕಾರ ಕೈ ತೊಳೆದುಕೊಂಡರೆ ಆ ಚಾರಣ ಒಳ್ಳೆಯದಕ್ಕಿಂತ ಹೆಚ್ಚು ಕೆಟ್ಟದ್ದನ್ನು ಮಾಡಿದಂತಾಗುತ್ತದೆ. ಹಕ್ಕು ನಿಲ್ಲುವ ಜಾಗದಲ್ಲಿ ದಾನ ಬಂದು ಕೂರಬಾರದು.

ಹಾಗಾದರೆ ದಾನಕ್ಕೆ ಎಲ್ಲಿ ಜಾಗ? ಕಾನೂನು ಬರೆಯಲಾಗದ ಕಡೆ. ಆ ಬ್ರಿಟಿಷ್ ಸಂಸ್ಥೆ ಇಂದು ಯುದ್ಧದಲ್ಲಿ ಗಾಯಗೊಂಡವರನ್ನು ಮಾತ್ರ ನೋಡುವುದಿಲ್ಲ. ಒಂದು ಕಾಲದಲ್ಲಿ ಸೇನೆಯಲ್ಲಿದ್ದು, ಮುಪ್ಪಿನಲ್ಲಿ ಕಾಯಿಲೆಯಿಂದ ದೃಷ್ಟಿ ಕಳೆದುಕೊಂಡವರಿಗೂ ನೆರವಾಗುತ್ತದೆ. ಕಣ್ಣು ರಣರಂಗದಲ್ಲಿ ಹೋಯಿತೇ, ಮನೆಯಲ್ಲಿ ಹೋಯಿತೇ ಎಂದು ತೂಗುವುದಿಲ್ಲ. ಎಂಬತ್ತರ ಮುದುಕನಿಗೆ ಮತ್ತೆ ತಾನೇ ಚಹಾ ಮಾಡಿಕೊಳ್ಳುವುದನ್ನು ಕಲಿಸಬೇಕು. ಕಪ್ಪಿನ ಅಂಚಿಗೆ ಸಿಕ್ಕಿಸುವ ಒಂದು ಪುಟ್ಟ ಸಾಧನ ಇದೆ, ಚಹಾ ಮೇಲೆ ಬಂದ ಕೂಡಲೇ ಅದು ಬೀಪ್ ಎನ್ನುತ್ತದೆ. ಅದನ್ನು ಕೈಗೆ ಕೊಟ್ಟು, ಪಕ್ಕದಲ್ಲಿ ಕೂತು, ಕೈ ಸುಟ್ಟುಕೊಳ್ಳದೆ ಸುರಿಯುವವರೆಗೆ ತಾಳ್ಮೆಯಿಂದ ಕಾಯುವುದನ್ನು ಯಾವ ಸರ್ಕಾರಿ ಆದೇಶವೂ ಬರೆಯಲಾರದು.

*ಡೆಹ್ರಾಡೂನಿನ ಎಳೆ*

ಈ ಕಥೆಯ ಒಂದು ಎಳೆ ನಮ್ಮ ದೇಶಕ್ಕೂ ಬಂದಿದೆ. 1915ರಲ್ಲಿ ಗಲ್ಲಿಪೋಲಿ ಯುದ್ಧದಲ್ಲಿ ಕಣ್ಣು ಕಳೆದುಕೊಂಡ ನ್ಯೂಜಿಲೆಂಡಿನ ತರುಣ ಕ್ಲೂಥಾ ಮೆಕೆಂಜಿ ಸೇಂಟ್ ಡನ್‌ಸ್ಟನ್ಸ್‌ನಲ್ಲಿ ಕಲಿತವರು. ಎರಡನೇ ಮಹಾಯುದ್ಧದಲ್ಲಿ ಭಾರತೀಯ ಸೈನಿಕರೂ ಕಣ್ಣು ಕಳೆದುಕೊಂಡು ಬಂದಾಗ ಅವರಿಗಾಗಿ 1943ರಲ್ಲಿ ಡೆಹ್ರಾಡೂನಿನಲ್ಲಿ ಸೇಂಟ್ ಡನ್‌ಸ್ಟನ್ಸ್ ಹೆಸರಿನ ವಸತಿ ಕೇಂದ್ರ ತೆರೆಯಿತು. ಅದನ್ನು ಕಟ್ಟುವಲ್ಲಿ ಮೆಕೆಂಜಿ ಅವರ ಪಾತ್ರ ದೊಡ್ಡದು. ಅದೇ ಯುದ್ಧದ ಕಾಲದಲ್ಲಿ, 1941ರ ಅಕ್ಟೋಬರಿನಲ್ಲಿ, ನಮ್ಮ ಬೆಳಗಾವಿಯಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಹುಟ್ಟಿತು. ಸುಬೇದಾರ್ ರಾಮಜಿಯವರ ಮಗನಾದ ಬಾಬಾಸಾಹೇಬರು ನಮ್ಮ ಜನರಿಗೆ ಸೇನೆಯ ಬಾಗಿಲು ಮತ್ತೆ ತೆರೆಯಬೇಕೆಂದು ಒತ್ತಾಯಿಸಿದ್ದರು. ಕಣ್ಣಿಲ್ಲದ ಸೈನಿಕನ ವಿಷಯ ನಮಗೆ ಪರರ ವಿಷಯವಾಗಿ ಉಳಿಯುವುದಿಲ್ಲ.

1950ರಲ್ಲಿ ಭಾರತ ಸರ್ಕಾರ ಡೆಹ್ರಾಡೂನಿನ ಆ ಕೇಂದ್ರವನ್ನು ವಹಿಸಿಕೊಂಡಿತು. ಸೈನಿಕರಿಗೆಂದು ಶುರುವಾದದ್ದು ಎಲ್ಲ ದೃಷ್ಟಿಹೀನರ ತರಬೇತಿ ಕೇಂದ್ರವಾಗಿ ಬೆಳೆದು, ಇಂದು ರಾಷ್ಟ್ರೀಯ ಸಂಸ್ಥೆಯಾಗಿದೆ. ಅಲ್ಲೇ ಬ್ರೈಲ್ ಮುದ್ರಣಾಲಯವೂ ಬಂತು. ದಾನವಾಗಿ ಹುಟ್ಟಿದ್ದು ಸಾರ್ವಜನಿಕ ವ್ಯವಸ್ಥೆಯಾಯಿತು. ಮುಂದೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸರ್ಕಾರಿ ಉದ್ಯೋಗದಲ್ಲಿ ಶೇ. 4 ಮೀಸಲಾತಿ ಕೊಟ್ಟಿತು. ಅದರಲ್ಲಿ ಶೇ. 1 ದೃಷ್ಟಿಹೀನರಿಗೆ ಮತ್ತು ಮಂದದೃಷ್ಟಿಯವರಿಗೆ. ಒಳ್ಳೆಯ ದಾನ ಹೀಗೆ ಹಕ್ಕಿನ ಕಡೆಗೆ ನಡೆಯುತ್ತದೆ.

*ಜೊತೆಗೆ ನಡೆಯುವುದು*

ಕೊನೆಯದಾಗಿ ಮತ್ತೆ ಬೆಟ್ಟಕ್ಕೆ ಬರೋಣ. 2001ರ ಮೇ ತಿಂಗಳಲ್ಲಿ ಅಮೆರಿಕದ ಎರಿಕ್ ವೈಹನ್‌ಮಾಯರ್ ಎವರೆಸ್ಟ್ ಶಿಖರ ಮುಟ್ಟಿದರು. ಅವರಿಗೆ ದೃಷ್ಟಿ ಇಲ್ಲ. ಮುಂದೆ ನಡೆಯುವ ಜೊತೆಗಾರ ಒಂದು ಗಂಟೆ ಅಲ್ಲಾಡಿಸುತ್ತಿದ್ದ, ಎರಿಕ್ ಆ ಸದ್ದು ಹಿಡಿದು ಕಾಲಿಡುತ್ತಿದ್ದರು. ಯಾರೂ ಅವರನ್ನು ಹೊತ್ತುಕೊಂಡು ಹೋಗಲಿಲ್ಲ.

ಕಣ್ಣಿಲ್ಲದವರಿಗಾಗಿ ಬೆಟ್ಟ ಹತ್ತುವುದು ಒಂದು ಬಗೆ, ಕಣ್ಣಿಲ್ಲದವರ ಜೊತೆಗೆ ಹತ್ತುವುದು ಇನ್ನೊಂದು ಬಗೆ. ಮೊದಲನೆಯದು ಕರುಣೆಯಿಂದ ಆಗಬಹುದು, ಎರಡನೆಯದಕ್ಕೆ ಮೈತ್ರಿ ಬೇಕು. ಜೊತೆಗೆ ನಡೆಯುವಾಗ ನಮ್ಮ ವೇಗ ಬದಲಾಗಬೇಕು. ಕಲ್ಲು ಇದೆ, ಮೆಟ್ಟಿಲು ಇದೆ ಎಂದು ಬಾಯಿಬಿಟ್ಟು ಹೇಳಬೇಕು. ಆಗ ನಾವೂ ದಾರಿಯನ್ನು ಹೊಸದಾಗಿ ನೋಡುತ್ತೇವೆ.

ಕನ್ನಡ ಕಲಿಸುವವನಾಗಿ ಇನ್ನೊಂದು ಮಾತು ಸೇರಿಸುತ್ತೇನೆ. 'ಅಂಧಶ್ರದ್ಧೆ', 'ಕುರುಡು ನಂಬಿಕೆ' ಎಂಬ ಪದಗಳನ್ನು ನಮ್ಮ ಭಾಷಣಗಳಲ್ಲಿ ದಿನವೂ ಬಳಸುತ್ತೇವೆ. ವಿಚಾರ ಮಾಡದಿರುವುದಕ್ಕೂ ಕಣ್ಣು ಕಾಣದಿರುವುದಕ್ಕೂ ಏನು ಸಂಬಂಧ? ಜಾತಿಯ ಹೆಸರು ಬೈಗುಳವಾದಾಗ ಆಗುವ ನೋವು ನಮಗೆ ಗೊತ್ತು. 'ಮೂಢನಂಬಿಕೆ' ಎಂಬ ಪದ ನಮ್ಮಲ್ಲಿದೆ, ಅದು ಸಾಕು.

ಇಂದಿನ ಅಭ್ಯಾಸಕ್ಕೆ ಮೂರು ಚಿಕ್ಕ ಕೆಲಸಗಳು.

1. ದೃಷ್ಟಿಯಿಲ್ಲದ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆದುಕೊಡುವವರು ಬೇಕಾಗುತ್ತಾರೆ, ಪಾಠ ಓದಿ ಧ್ವನಿಮುದ್ರಿಸಿ ಕಳಿಸುವವರು ಬೇಕಾಗುತ್ತಾರೆ. ನಿಮ್ಮ ಊರಿನ ಶಾಲೆ, ಕಾಲೇಜಿನಲ್ಲಿ ವಿಚಾರಿಸಿ. ಬರೆಯುವಾಗ ಉತ್ತರ ಅವರದೇ ಇರಲಿ.

2. ನಮ್ಮ ವಿಹಾರಕ್ಕೆ ದೃಷ್ಟಿಯಿಲ್ಲದ ಉಪಾಸಕರು ಒಬ್ಬರೇ ಬಂದು, ಒಬ್ಬರೇ ಕೂತು, ಒಬ್ಬರೇ ಹೋಗಲು ಆಗುತ್ತದೆಯೇ? ಮುಂದಿನ ಸಭೆಯಲ್ಲಿ ಚರ್ಚಿಸಿ. ಅಂಥವರಿದ್ದರೆ ಮೊದಲು ಅವರನ್ನೇ ಕೇಳಿ.

3. ರಸ್ತೆಯಲ್ಲಿ ದೃಷ್ಟಿಯಿಲ್ಲದವರನ್ನು ಕಂಡರೆ ಕೈ ಹಿಡಿದು ಎಳೆಯಬೇಡಿ. ನೆರವು ಬೇಕೇ ಎಂದು ಕೇಳಿ. ಬೇಕೆಂದರೆ ನಿಮ್ಮ ಮೊಣಕೈ ಕೊಡಿ. ಅವರು ಅದನ್ನು ಹಿಡಿದು ನಿಮಗಿಂತ ಅರ್ಧ ಹೆಜ್ಜೆ ಹಿಂದೆ ನಡೆಯುತ್ತಾರೆ. ಬೇಡ ಎನಿಸಿದಾಗ ಬಿಡುವುದು ಅವರ ಕೈಯಲ್ಲೇ ಇರುತ್ತದೆ.

ಸರ್ವರಿಗೂ ಮಂಗಳವಾಗಲಿ.

ನಮೋ ಬುದ್ಧಾಯ. ಜೈ ಭೀಮ್.